ಎರಡು ಬೂಟುಗಳ ನಡುವೆ

ಗುರುವಾರ ಸಂಜೆ ಸೊಹಾರ್‌ನ ಕಂಪೆನಿ ಬಸ್ಸು, ಗಲ್ಫಿನಲ್ಲಿ ನಮ್ಮ ಮನೆಯಿರುವ ಅಲ್ ಖುವೈರ್‌ನಲ್ಲಿ ನಿಂತಾಗ ಎಲ್ಲರಿಗಿಂತ ಕೊನೆಗೆ ಇಳಿದವನು ನನ್ನ ಓಲ್ವಿನ್. ಮದುವೆಯಾಗಿ ಒಂಬತ್ತು ವರ್ಷವಾದರೂ, ಇಳಿದ ಕೂಡಲೇ ನನ್ನನ್ನು ಹುಡುಕುವ ಆ ಕಣ್ಣುಗಳಿಗಾಗಿ ವಾರವಿಡೀ ಕಾಯುತ್ತೇನೆ. ಈ ಸಲವೂ ಕಣ್ಣು ಸಿಕ್ಕಿತು, ನಗುವೂ ಸಿಕ್ಕಿತು. ಆದರೆ ಅವನು ಕುಂಟುತ್ತಿದ್ದ.

"ಕಾಲಿಗೆ ಎಂತ ಆಯ್ತು?"

"ಎಂತದ್ದೂ ಇಲ್ಲ ಮಾರಾಯ್ತಿ. ಬಸ್ಸಲ್ಲಿ ಕೂತು ಜೋಮು."

"ಹೋದ ವಾರವೂ ಜೋಮೇ ಇತ್ತಲ್ಲ?"

"ಅದೂ ನಿನ್ನ ಹಾಗೆ. ಹಿಡಿದ್ರೆ ಬಿಡುದಿಲ್ಲ."

ನನಗೆ ನಗು ಬರಲಿಲ್ಲ.

ಬೆಳಗಾವಿಯ ಒಂದು ಮಕ್ಕಳ ಮನೆಯಲ್ಲಿ ಎರಡು ವರ್ಷದ ಜುಯಿ ಇದ್ದಾಳೆ. ನಾವು ದತ್ತು ತೆಗೆದುಕೊಳ್ಳಬೇಕೆಂದಿರುವ ಮಗು. ಹುಟ್ಟುವಾಗಲೇ ಅವಳ ಎರಡೂ ಪಾದಗಳು ಒಳಕ್ಕೆ ತಿರುಚಿದ್ದವು. ಪ್ಲಾಸ್ಟರ್ ಹಾಕಿ ಹಾಕಿ ನೇರ ಮಾಡಿದ್ದಾರೆ. ಇನ್ನು ಕೆಲವು ವರ್ಷ ಮಲಗುವಾಗೆಲ್ಲ, ಒಂದೇ ಪಟ್ಟಿಗೆ ಜೋಡಿಸಿದ ಎರಡು ಬೂಟು ತೊಡಿಸಬೇಕು. ತಪ್ಪಿಸಿದರೆ ಪಾದ ಮತ್ತೆ ತಿರುಚಿಕೊಳ್ಳುತ್ತದೆ.

ಕಳೆದ ತಿಂಗಳ ವಿಡಿಯೊ ಕಾಲ್‌ನಲ್ಲಿ ಅಲ್ಲಿನ ವಿನೋದಾ ಮೇಡಂ ಕೇಳಿದ್ದರು: "ಹುಡುಗಿ ಭಾಳ ಅಳ್ತಾಳ್ರೀ. ಕರುಳು ಚುರ್ ಅಂದು ಮಂದಿ ಬಿಚ್ಚಿಬಿಡ್ತಾರ. ನೀವು ಬಿಚ್ಚಂಗಿಲ್ಲ ಅಂತ ನಾ ಹ್ಯಾಂಗ ನಂಬಲಿ?"

ನಾನು ಏನೇನೋ ಹೇಳಿದೆ. ಓಲ್ವಿನ್ ನೆಲ ನೋಡುತ್ತ ಕೂತಿದ್ದ. "ಮುಂದಿನ ಸಲ ಸರ್ ಮಾತಾಡಲಿ. ಆಮೇಲೆ ನಾವು ತೀರ್ಮಾನ ಮಾಡ್ತೀವಿ," ಎಂದಿದ್ದರು ಮೇಡಂ. ಆ ಮುಂದಿನ ಸಲ ನಾಳೆಯೇ.

ಮನೆಗೆ ಬಂದರೂ ಅವನು ಸಾಕ್ಸ್ ತೆಗೆಯಲಿಲ್ಲ. ಸಾರು ಕುದಿಸುತ್ತ ನಾನೂ ಕುದಿದೆ. ಏನಾದರೂ ಕಾಯಿಲೆ ಮುಚ್ಚಿಡುತ್ತಿದ್ದಾನೆಯೇ? ಅಥವಾ ಮಗುವೇ ಬೇಡವೇ? ನನ್ನ ಮುಖ ಬಾಡಬಾರದೆಂದು ಮಾತ್ರ ಹೂಂ ಅಂದನೇ?

ಇಲ್ಲಿನ ವಾರದ ರಜೆಯಾದ ಶುಕ್ರವಾರ ಇಗರ್ಜಿಯಿಂದ ಬಂದ ಮೇಲೆ ಅವನ ಬಟ್ಟೆ ಒಗೆಯಲೆಂದು ಬ್ಯಾಗು ಬಗ್ಗಿಸಿದೆ. ಶರ್ಟು ಬಿತ್ತು, ಟವೆಲು ಬಿತ್ತು, ಕೊನೆಗೆ ದೊಪ್ಪೆಂದು ಅವನ ಹಳೆಯ ಸೇಫ್ಟಿ ಶೂ ಜೋಡಿ. ಎರಡರ ಅಡಿಗೂ ಒಂದೇ ಅಲ್ಯೂಮಿನಿಯಂ ಪಟ್ಟಿ ಹಾಕಿ ಬೋಲ್ಟಿನಿಂದ ಬಿಗಿದಿತ್ತು. ಶೂಗಳ ಮೂತಿ ಹೊರಕ್ಕೆ ತಿರುಗಿತ್ತು.

ಬಾಗಿಲಲ್ಲಿ ಓಲ್ವಿನ್ ನಿಂತಿದ್ದ. ಕಿವಿಯವರೆಗೂ ಕೆಂಪಾಗಿದ್ದ.

"ಇದನ್ನು ಹಾಕಿ ಮಲಗ್ತಿಯಾ?"

"ಹೂಂ. ಸೊಹಾರಿನ ರೂಮಲ್ಲಿ. ರೂಮ್ಮೇಟ್ ಹೆರಾಲ್ಡ್ ಮೊದಲು ನಗಾಡಿದ. ಈಗ ಬೆಳಿಗ್ಗೆ ಅವನೇ ಬಿಚ್ಚಿ ಕೊಡ್ತಾನೆ."

"ನನ್ನ ಹತ್ರ ಯಾಕೆ ಹೇಳಲಿಲ್ಲ?"

"ಎಂತ ಹೇಳುದು? ಮೊದಲ ದಿವಸ ತಡೆಯಲಿಕ್ಕಾಗದೆ ಕಿತ್ತು ಬಿಸಾಡಿದೆ. ಮೇಡಂ ಹೇಳಿದ್ದು ನನ್ನನ್ನೇ, ಕ್ಲಾರಿ. ಅವಳು ಅತ್ತರೆ ಬಿಚ್ಚುವವ ನಾನೇ. ಅದಕ್ಕೆ ಅವಳಿಗೆ ಹೇಗಾಗ್ತದೆ ಅಂತ ನೋಡ್ಬೇಕಿತ್ತು."

"ಹೇಗಾಗ್ತದೆ?"

"ಒಂದೇ ಕಾಲು ಅಲ್ಲಾಡಿಸ್ಲಿಕ್ಕೆ ಹೋದ್ರೆ ಜೈಲು. ಎರಡೂ ಒಟ್ಟಿಗೆ ಎತ್ತಿದ್ರೆ ಆರಾಮ, ನಿದ್ದೆಯೂ ಬರ್ತದೆ. ಅವಳಿಗೆ ಅದನ್ನೇ ಆಟ ಮಾಡಿ ಕಲಿಸುವ."

"ಮತ್ತೆ ಈ ಕುಂಟು?"

"ಅದು ನನ್ನ ಗಟ್ಟಿ ಶೂ ಉಜ್ಜಿದ್ದು. ಅವಳದ್ದು ಮೆತ್ತಗೆ."

ಅವನನ್ನು ಮಂಚದ ಮೇಲೆ ಕೂರಿಸಿ ಸಾಕ್ಸ್ ಎಳೆದೆ. ಒಂದು ಹಿಮ್ಮಡಿಯ ಚರ್ಮ ಸುಲಿದಿತ್ತು. ಮುಲಾಮು ಹಚ್ಚಿದೆ.

"ನಿನಗೆ ಅವಳು ಬೇಕಾ, ಓಲ್ವಿನ್? ನನಗೋಸ್ಕರ ಅಲ್ಲ, ನಿನಗೆ?"

ಅವನು ನನ್ನ ಕೆನ್ನೆಗಂಟಿದ ಕೂದಲನ್ನು ಮೆಲ್ಲಗೆ ಸರಿಸಿದ. "ಬೇಡದವ ಹೀಗೆ ಮಲಗ್ತಾನಾ, ಹುಚ್ಚಿ?"

ಅವನ ಪಕ್ಕ ಕೂತು ಒಂದು ಶೂ ಒಳಗೆ ನನ್ನ ಪಾದ ತೂರಿಸಿದೆ. ಅವನು ನನ್ನನ್ನೇ ನೋಡಿದ. ಆಮೇಲೆ ಗಾಯವಿಲ್ಲದ ಕಾಲನ್ನು ಇನ್ನೊಂದರೊಳಗಿಟ್ಟು, ಬಗ್ಗಿ ನನ್ನ ಲೇಸು ಬಿಗಿದ. ಮದುವೆಯ ದಿನ ಉಂಗುರ ತೊಡಿಸುವಾಗಲೂ ಅವನ ಕೈ ಅಷ್ಟು ಜೋಪಾನವಾಗಿರಲಿಲ್ಲ.

ಆಗ ಊಟದ ಮೇಜಿನ ಮೇಲಿದ್ದ ಫೋನು ಹಾಡತೊಡಗಿತು. ಬೆಳಗಾವಿ.

"ಅಯ್ಯೊ ದೇವರೇ, ಬಿಚ್ಚು, ಬೇಗ ಬಿಚ್ಚು."

"ಬಿಚ್ಚಬೇಡ," ಎಂದ ಓಲ್ವಿನ್. "ಯಲ್ಲಾ, ನಡೆ ನಡೆ, ಒಟ್ಟಿಗೆ ಎತ್ತು."

ಒಬ್ಬರ ಸೊಂಟ ಒಬ್ಬರು ಹಿಡಿದು, ಪಟ್ಟಿಯನ್ನು ಟೈಲ್ಸಿಗೆ ಬಡಿಯುತ್ತ, ಬೀಳುತ್ತ ಏಳುತ್ತ ಹೋದೆವು. ಫೋನೆತ್ತಿದಾಗ ಇಬ್ಬರಿಗೂ ಏದುಸಿರು.

"ಏನ್ರೀ ಇದು, ಓಡಿ ಬಂದ್ರೇನು?" ಎಂದರು ವಿನೋದಾ ಮೇಡಂ. ಅವರ ಹಿಂದಿನ ಚಾಪೆಯ ಮೇಲೆ ಜುಯಿ ಮಧ್ಯಾಹ್ನದ ನಿದ್ದೆಗೆಂದು ಬೂಟು ಹಾಕಿಸಿಕೊಂಡು, ಮೂಗು ಸೋರಿಸುತ್ತ ಅಳುತ್ತಿದ್ದಳು.

ಒಂದು ತಿಂಗಳು ಕಾದಿದ್ದ ಪ್ರಶ್ನೆಗೆ ಉತ್ತರವಾಗಿ ಓಲ್ವಿನ್ ಫೋನನ್ನು ಕೆಳಕ್ಕೆ ತಿರುಗಿಸಿ ನಮ್ಮ ಕಾಲು ತೋರಿಸಿದ. ಅವನ ದೊಡ್ಡ ಪಾದ, ಶೂನಲ್ಲಿ ಮುಳುಗಿಹೋದ ನನ್ನ ಪಾದ, ನಡುವೆ ಹೊಳೆಯುವ ಪಟ್ಟಿ.

"ಬಾಯೆ," ಎಂದ ಮೆಲ್ಲಗೆ, ನಮ್ಮೂರಿನಲ್ಲಿ ಮಗಳನ್ನು ಕರೆಯುವ ಹಾಗೆ. "ಇಲ್ಲಿ ನೋಡು, ಒಟ್ಟಿಗೆ. ಹೀಗೆ."

ನಾವಿಬ್ಬರೂ ಕುರ್ಚಿಯಲ್ಲಿ ಕೂತು ಕಾಲೆತ್ತಿದೆವು.

ಅಳು ನಿಂತಿತು. ಜುಯಿ ತುಂಬ ಹೊತ್ತು ನೋಡಿದಳು. ಆಮೇಲೆ ತನ್ನ ಪುಟ್ಟ ಬೂಟುಗಳೆರಡನ್ನೂ ಒಟ್ಟಿಗೆ ಮೇಲೆತ್ತಿ, ಧಪ್ಪೆಂದು ಚಾಪೆಗೆ ಬಡಿದು, ಇನ್ನೊಮ್ಮೆ ಮಾಡಿ ಎಂಬಂತೆ ನಮ್ಮತ್ತ ನೋಡಿದಳು.

ವಿನೋದಾ ಮೇಡಂ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

"ಯಾವಾಗ ಬರ್ತೀರಿ?" ಎಂದರು.