ಉಸಿರೆಣಿಸುವ ಒಂದು ನಿಮಿಷ

"ಒಂದು ಮಾತು ಕೇಳಲಾ? ಈ ವಾರ್ಡಿನ ಮೂವತ್ತು ಜನರೂ ಒಂದೇ ತಾಳದಲ್ಲಿ ಉಸಿರಾಡ್ತಾರಾ?"

ಅವಳು ತಲೆಯೆತ್ತಿದಳು. ಹನ್ನೆರಡನೇ ಮಂಚದ ತುದಿಯಲ್ಲಿ ನೇತಾಡುವ ಚಾರ್ಟನ್ನು ಕೈಗೆತ್ತಿಕೊಂಡು ಒಬ್ಬ ಹುಡುಗ ನಿಂತಿದ್ದ. ಫಿಸಿಯೋಥೆರಪಿ ವಿದ್ಯಾರ್ಥಿಗಳು ತೊಡುವ ನೀಲಿ ಕೋಟು, ಅದಕ್ಕೆ ಒಂದು ಗುಂಡಿ ಇರಲಿಲ್ಲ.

"ಏನು?"

"ಉಸಿರಾಟದ ಸಾಲು ನೋಡಿ. ಇಪ್ಪತ್ತು, ಇಪ್ಪತ್ತು, ಇಪ್ಪತ್ತು... ಪಕ್ಕದ ಮಂಚದ್ದೂ ಇಪ್ಪತ್ತು. ಅದರ ಪಕ್ಕದ್ದೂ ಇಪ್ಪತ್ತು! ಇದು ನಿಮ್ಮ ಅಕ್ಷರ ತಾನೆ?"

ಅವಳ ಮುಖ ಕೆಂಪಾಯಿತು. ಅಕ್ಷರ ಅವಳದೇ.

ಜ್ವರ ನೋಡಲು ಥರ್ಮಾಮೀಟರ್ ಇದೆ. ಬಿಪಿ ಮತ್ತು ನಾಡಿಗೆ ಯಂತ್ರವಿದೆ. ಉಸಿರಿಗೆ ಮಾತ್ರ ಆ ವಾರ್ಡಿನಲ್ಲಿ ಏನೂ ಇಲ್ಲ. ಎದೆ ಏರಿಳಿಯುವುದನ್ನು ನೋಡುತ್ತಾ ಪೂರ್ತಿ ಒಂದು ನಿಮಿಷ ನಿಲ್ಲಬೇಕು. ಮೂವತ್ತು ಮಂಚಕ್ಕೆ ಮೂವತ್ತು ನಿಮಿಷ. ಅಷ್ಟು ಹೊತ್ತು ಯಾರ ಬಳಿಯೂ ಇರಲಿಲ್ಲ. ಮೊದಲ ದಿನವೇ ಸೀನಿಯರ್ ಅಕ್ಕ ಕಣ್ಣು ಮಿಟುಕಿಸಿ ಹೇಳಿಕೊಟ್ಟಿದ್ದಳು: "ಇಪ್ಪತ್ತು ಅಂತ ಬರಿ ಕಣೆ. ಯಾರೂ ಕೇಳಲ್ಲ."

ಈಗ ಒಬ್ಬ ಕೇಳಿದ್ದ!

"ನಿಮ್ಮ ಕೆಲಸ ನೀವು ನೋಡ್ಕೊಳ್ಳಿ. ಬೆಳಗ್ಗೆ ಏಳರಿಂದ ನಿಂತಿದೀನಿ ನಾನು!"

"ಬೈದಿಲ್ಲ ರೀ. ಕೇಳಿದೆ ಅಷ್ಟೇ."

"ಬೈದಿದ್ರೇ ವಾಸಿ ಇತ್ತು!"

ಮಂಚದ ಮೇಲೆ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದ ಅಜ್ಜಿ ಕಣ್ಣು ಮುಚ್ಚಿ ನಿದ್ದೆಯ ನಟನೆ ಮಾಡುತ್ತಿದ್ದರು. ತುಟಿಯ ಅಂಚು ಮಾತ್ರ ನಟನೆಗೆ ಸಹಕರಿಸುತ್ತಿರಲಿಲ್ಲ.

ಅವಳಿಗೆ ಹತ್ತೊಂಬತ್ತು. ನರ್ಸಿಂಗ್ ಸೇರಿ ನಾಲ್ಕು ತಿಂಗಳು. ಓದು ಬಿಡುತ್ತೇನೆಂದು ಬರೆದ ಪತ್ರ ಅವಳ ಚೀಲದಲ್ಲಿತ್ತು. ಬಿಡುವವರು ಶನಿವಾರದೊಳಗೆ ಬಿಡಬೇಕು, ಆಮೇಲೆ ವರ್ಷ ಮುಗಿಯುವ ತನಕ ಬಿಡುವಂತಿಲ್ಲ.

ರಕ್ತಕ್ಕೆ ಹೆದರಿ ಬರೆದ ಪತ್ರವಲ್ಲ ಅದು. ಹಿಂದಿನ ವಾರ ಏಳನೇ ಮಂಚದ ಮುದುಕರು ತೀರಿಕೊಂಡಾಗ ಅವಳ ಮನಸ್ಸಿಗೆ ಬಂದ ಮೊದಲ ಯೋಚನೆ, 'ಸದ್ಯ, ಒಂದು ಹಾಸಿಗೆ ಕಡಿಮೆಯಾಯಿತು.' ಅಷ್ಟೇ! ಆಮೇಲೆ ಕೈತೊಳೆಯುವ ಸಿಂಕಿನ ಮುಂದೆ ನಿಂತು ಅಳಲು ಪ್ರಯತ್ನಿಸಿದ್ದಳು. ಅಳು ಬರಲಿಲ್ಲ, ಆಕಳಿಕೆ ಬಂತು.

ಮನೆಯಲ್ಲಿ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಬಂದವರಿಗೆಲ್ಲ ಹೇಳುತ್ತಿದ್ದಳು. "ನಮ್ಮ ಹುಡುಗಿಗೆ ಕರುಣೆ ಜಾಸ್ತಿ, ಅದಕ್ಕೇ ನರ್ಸಿಂಗ್ ತಗೊಂಡಿದಾಳೆ."

ಯಾವ ಕರುಣೆ, ಅಮ್ಮ? ನಾಲ್ಕೇ ತಿಂಗಳಿಗೆ ಖಾಲಿಯಾಯಿತಲ್ಲ...

ನೀಲಿ ಕೋಟಿನವನು ಹೋದ ಮೇಲೆ ಅವಳು ಅಜ್ಜಿಯ ಮಣಿಕಟ್ಟು ಹಿಡಿದು ನಿಂತಳು. ಉಸಿರು ಎಣಿಸುತ್ತಿದ್ದೇವೆಂದು ತಿಳಿದರೆ ಉಸಿರಿನ ಗತಿಯೇ ಬದಲಾಗುತ್ತದೆ. ಹಾಗಾಗಿ ನಾಡಿ ನೋಡುವವಳಂತೆ ನಟಿಸಿದಳು. ಕಣ್ಣು ಮಾತ್ರ ಎದೆಯ ಮೇಲೆ.

ಇಪ್ಪತ್ತೆಂಟು.

ತಪ್ಪಿತೇನೋ ಎಂದು ಮತ್ತೆ ಎಣಿಸಿದಳು. ಇಪ್ಪತ್ತೆಂಟೇ!

ಅವಳು ಇನ್‌ಚಾರ್ಜ್ ಸಿಸ್ಟರ್ ಬಳಿಗೆ ಓಡಿದಳು. ಡಾಕ್ಟರು ಬಂದರು, ಎಕ್ಸ್-ರೇ ಆಯಿತು. ಬಲಗಡೆಯ ಶ್ವಾಸಕೋಶದ ಬುಡದಲ್ಲಿ ಸೋಂಕು ಶುರುವಾಗಿತ್ತು. ಅಜ್ಜಿಗೆ ಆಮ್ಲಜನಕದ ನಳಿಕೆ, ಇಂಜೆಕ್ಷನ್ ಎರಡೂ ಬಂದವು.

ಮರುದಿನ ಮಂಗಳವಾರ ಇನ್‌ಚಾರ್ಜ್ ಸಿಸ್ಟರ್ ಅವಳನ್ನು ಕರೆದರು. ಮೇಜಿನ ಮೇಲೆ ಅದೇ ಚಾರ್ಟು.

"ಮೊನ್ನೆ ಇಪ್ಪತ್ತು ಅಂತ ಬರೆದಿದೀಯ. ಎಣಿಸಿದ್ದಾ?"

"ಇಲ್ಲ, ಸಿಸ್ಟರ್."

"ಅದರ ಹಿಂದಿನ ದಿನ?"

"...ಇಲ್ಲ."

"ನಾನಾಗಿ ಹುಡುಕಿದ್ದಲ್ಲ ಇದು. ನೋಡಿದವರು ಹೇಳಿದ್ರು. ಎಷ್ಟು ನಾಚಿಕೆ ಆಯ್ತು ಗೊತ್ತಾ ನನಗೆ?"

ನೋಡಿದವರು! ಅವಳಿಗೆ ಆ ಗುಂಡಿಯಿಲ್ಲದ ಕೋಟು ಕಣ್ಣಿಗೆ ಕಟ್ಟಿತು. ಎದುರಿಗೆ ಕೇಳಿದ್ದು ಸಾಲದೆ ಹಿಂದಿನಿಂದ ಚಾಡಿಯನ್ನೂ ಹೇಳಿದನೇ?

ಅವನು ದಿನವೂ ಮಧ್ಯಾಹ್ನ ಮೂರಕ್ಕೆ ಬಂದು ಅಜ್ಜಿಯ ಕೈಗೆ ಉಸಿರಿನ ವ್ಯಾಯಾಮದ ಕೊಳವೆ ಕೊಡುತ್ತಿದ್ದ. ನೀಲಿ ಬಣ್ಣ ಕಂಡರೆ ಸಾಕು, ಅವಳು ಬಟ್ಟೆ ಕೋಣೆಗೆ ಹೋಗಿ, ಆಗಲೇ ಮಡಿಸಿದ್ದ ಹೊದಿಕೆಗಳನ್ನು ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಒಮ್ಮೆ ಅವನು ಬಾಗಿಲ ತನಕ ಬಂದು, "ಒಂದು ನಿಮಿಷ..." ಎಂದ. ಅವಳು ಹೊದಿಕೆಗೆ ಹೇಳುವಂತೆ ಹೇಳಿದಳು: "ಕೆಲಸ ಇದೆ."

ಶುಕ್ರವಾರ ಬೆಳಗ್ಗೆ ತಲೆ ಬಾಚುವಾಗ ಅಜ್ಜಿಯೇ ಮಾತು ತೆಗೆದರು.

"ಏನೇ, ಆ ಹುಡುಗನ ಮೇಲೆ ಯಾಕೆ ಮುನಿಸು?"

"ಚಾಡಿಕೋರರ ಹತ್ತಿರ ನನಗೇನು ಮಾತು, ಅಜ್ಜಿ?"

ಅಜ್ಜಿ ನಗಲು ಹೋಗಿ ಕೆಮ್ಮಿದರು. ಕೆಮ್ಮಿ ಸುಧಾರಿಸಿಕೊಂಡು ಮತ್ತೆ ನಕ್ಕರು.

"ಚಾಡಿ ಹೇಳಿದ್ದು ನಾನು ಕಣೆ! ಮೂವತ್ತೈದು ವರ್ಷ ಲೆಕ್ಕದ ಟೀಚರ್ ಆಗಿದ್ದೆ. ಇಡೀ ಕ್ಲಾಸಿಗೆ ಒಂದೇ ಉತ್ತರ ಬಂದ್ರೆ ಕಾಪಿ ಹೊಡೆದಿದಾರೆ ಅಂತ ತಿಳಿಯಲ್ವಾ? ನಿಮ್ಮ ಸಿಸ್ಟರ್‌ನ ಕರೆಸಿ ಹೇಳಿದೆ. ಕೊನೆಗೆ ಎಣಿಸಿದವಳು ಈ ಹುಡುಗಿ ಒಬ್ಬಳೇ ಅಂತಾನೂ ಹೇಳಿದೆ. ಅರ್ಧ ನುಂಗಿಕೊಂಡಳಾ ಅವಳು?"

ಬಾಚಣಿಗೆ ಅವಳ ಕೈಯಲ್ಲೇ ನಿಂತಿತು.

"ಇನ್ನೊಂದು ಕೇಳು. ಅವನಿಗೆ ಈ ವಾರ್ಡಿನ ಪಾಳಿ ಸೋಮವಾರಕ್ಕೇ ಮುಗೀತು. ಈಗ ನನ್ನ ವ್ಯಾಯಾಮಕ್ಕೆ ಬೆಳಗ್ಗೆ ಬೇರೆ ಹುಡುಗಿ ಬರ್ತಾಳೆ. ಇವನು ಮೂರು ಗಂಟೆಗೆ ಬಂದು, ಬಾಗಿಲು ನೋಡ್ತಾ ನನ್ನ ಕೈಲಿ ಇನ್ನೊಂದು ಸಲ ಊದಿಸ್ತಾನೆ! ನಿಮ್ಮಿಬ್ಬರ ಮಧ್ಯೆ ಊದಿ ಊದಿ ನನ್ನ ಪ್ರಾಣ ಹೋಗ್ತಿದೆ. ಏನಾದ್ರೂ ಮಾಡ್ರಪ್ಪಾ!"

ಅವತ್ತು ಮೂರಕ್ಕೆ ಅವನು ಬರಲಿಲ್ಲ. ಮೂರೂವರೆಗೂ ಇಲ್ಲ. ಕಾಯುವುದಿಲ್ಲ ಎಂದುಕೊಂಡೇ ಅವಳು ಗಡಿಯಾರವನ್ನು ಏಳು ಸಲ ನೋಡಿದಳು.

ಶಿಫ್ಟ್ ಮುಗಿಸಿ ಇಳಿಯುವಾಗ ಎರಡನೇ ಮಹಡಿಯ ಮೆಟ್ಟಿಲಲ್ಲಿ ಅವನು ಕೂತಿದ್ದ.

"ಇವತ್ತು ಯಾಕೆ ಬರಲಿಲ್ಲ?" ಎಂದಳು.

ಅವನು ಬೆಚ್ಚಿ ಎದ್ದ. "ಮೂರು ದಿನ ಬಂದೆ. ನೀವು ಹೊದಿಕೆ ಮಡಿಸ್ತಿದ್ರಿ. ಇನ್ನೂ ಬಂದ್ರೆ ಕಾಟ ಕೊಟ್ಟ ಹಾಗೆ ಅನ್ನಿಸ್ತು... ಇಲ್ಲೀ ತನಕ ಹತ್ತಿ ಕೂತುಬಿಟ್ಟೆ."

"ನೀವೇ ಸಿಸ್ಟರ್‌ಗೆ ಹೇಳಿದ್ದು ಅಂದ್ಕೊಂಡಿದ್ದೆ. ತಪ್ಪಾಯ್ತು."

"ನಂದೂ ತಪ್ಪಿದೆ. ಅಷ್ಟು ಜನರ ಮುಂದೆ ಹಾಗೆ ಕೇಳಬಾರದಿತ್ತು."

ಅವಳಿಗೆ ನಿಲ್ಲಲು ಆಗಲಿಲ್ಲ. ಕೂತು ಶೂ ಬಿಚ್ಚಿದಳು. ಪಾದಗಳು ಊದಿಕೊಂಡಿದ್ದವು. ಅವನು ಎರಡು ಮೆಟ್ಟಿಲು ಕೆಳಗೆ ಕೂತ. ಯಾಕೋ ಅವಳು ಅಮ್ಮನಿಗೂ ಹೇಳದ ಏಳನೇ ಮಂಚದ ವಿಷಯವನ್ನು ಹೇಳಿಬಿಟ್ಟಳು. ಪತ್ರದ ವಿಷಯವನ್ನೂ.

"ಬಿಟ್ಟುಬಿಡೋದಕ್ಕೆ ನಾಳೆ ಕೊನೇ ದಿನ. ಸುಸ್ತಾಗೋದಕ್ಕೆ ನನಗೆ ಭಯ ಇಲ್ಲ. ಹೀಗೇ ಇದ್ರೆ ಒಂದಿನ ಕಲ್ಲಾಗಿಬಿಡ್ತೀನೇನೋ ಅಂತ..."

ಅವನು ತಕ್ಷಣ ಸಮಾಧಾನ ಹೇಳಲಿಲ್ಲ. ಅದು ಅವಳಿಗೆ ಹಿಡಿಸಿತು.

"ನಾನು ಒಂದು ಸಲ ಬಿಟ್ಟು ಹೋಗಿದ್ದೆ," ಎಂದ ಕೊನೆಗೆ. "ಎಂಟು ತಿಂಗಳು ಫೋನ್ ರಿಪೇರಿ ಮಾಡಿದೆ. ಅಲ್ಲೂ ಸಂಜೆಗೆ ಇಷ್ಟೇ ಸುಸ್ತು. ಇಲ್ಲಿ ಸುಸ್ತಾದ ದಿನ, ಯಾರೋ ಒಬ್ರು ಎರಡು ಹೆಜ್ಜೆ ನಡೆದಿರ್ತಾರೆ. ಅಷ್ಟಕ್ಕೇ ವಾಪಸ್ ಬಂದೆ. ದೊಡ್ಡ ಕಾರಣ ಏನಿಲ್ಲ."

"ಮತ್ತೆ ನಾನು?"

"ಇರಿ ಅಂತ ಹೇಳಿದ್ರೆ ಅದು ನನ್ನ ಸ್ವಾರ್ಥ ಆಗುತ್ತೆ." ಅವನು ಅವಳ ಮುಖ ನೋಡಲಿಲ್ಲ. "ನನಗೆ ನೀವು ಇಷ್ಟ. ಅವತ್ತು ನಾನು ಹೊರಟ ಮೇಲೆ ಬಾಗಿಲಿಂದ ತಿರುಗಿ ನೋಡಿದೆ. ಸಿಟ್ಟಲ್ಲಿದ್ರಿ, ಆದ್ರೂ ಅಜ್ಜಿ ಕೈ ಹಿಡಿದು ನಿಂತಿದ್ರಿ. ಎರಡೆರಡು ಸಲ ಎಣಿಸಿದ್ರಿ... ಅದಕ್ಕೇ ಹೇಳ್ತಿದೀನಿ, ನೀವು ಹೋದ್ರೂ ಇಷ್ಟವೇ."

ಸಿಂಕಿನ ಮುಂದೆ ಬರದ ಕಣ್ಣೀರು ಈಗ, ಕೇಳದೆಯೇ, ಕೆನ್ನೆಗಿಳಿಯಿತು. ಯಾರಿಗಾಗಿ ಎಂದು ಅವಳಿಗೇ ತಿಳಿಯಲಿಲ್ಲ. ಆ ಮುದುಕರಿಗಾಗಿಯೂ ಇರಬಹುದು.

"ಪತ್ರ ಕೊಡಲ್ಲ," ಎಂದಳು. "ನಂಬಿಕೆ ಬಂತು ಅಂತ ತಿಳ್ಕೋಬೇಡಿ. ಈ ವರ್ಷ ನೋಡ್ತೀನಿ. ಎಣಿಸಿಯೇ ಬರೀತೀನಿ, ಎಷ್ಟು ಮಂಚ ಆಗುತ್ತೋ ಅಷ್ಟು. ಅದು ಸಾಧ್ಯ ಇಲ್ಲ ಅನ್ನಿಸಿದ್ರೆ ವರ್ಷದ ಕೊನೆಗೆ ಹೋಗ್ತೀನಿ."

"ಸರಿ."

"ಅಷ್ಟೇನಾ? ಸರಿ?"

"ಖುಷಿಗೆ ಮಾತು ಹೊರಡ್ತಿಲ್ಲ ರೀ!"

ಅವಳು ಅಳುತ್ತಲೇ ನಕ್ಕಳು. ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.

"ನಾಳೆ ಮೂರಕ್ಕೆ ಬರಲಾ?"

"ಬೇಡ."

ಅವನು ಏಳಲು ಹೋದ.

"ನೀನು ಹತ್ತಬೇಡ," ಎಂದಳು ಕಣ್ಣು ತೆರೆಯದೆ. "ನಾನೇ ಕೆಳಗೆ ಬರ್ತೀನಿ. ಸ್ವಲ್ಪ ತಡ ಆಗಬಹುದು."

"ಎಷ್ಟಾದ್ರೂ ಆಗಲಿ," ಎಂದ ಅವನು. "ಕೂತಿರ್ತೀನಿ."