ಒಳಮೈಯ ಮೂವತ್ತೊಂದು

ಮುರಿದ ಬೀಗವನ್ನು ಕಿವಿಗೆ ಹಿಡಿದರೆ ಸಾಕು, ಮುರಿದವರ ವಯಸ್ಸು, ವಿಳಾಸ, ಬೆಳಿಗ್ಗೆ ತಿಂದ ತಿಂಡಿ ಎಲ್ಲವನ್ನೂ ಬೀಗವೇ ನಮ್ಮ ದಫೇದಾರರಿಗೆ ಒಪ್ಪಿಸುತ್ತಿತ್ತು. ಒಮ್ಮೆ ಅವರು ಠಾಣೆಯಲ್ಲಿ ಸೀನಿದ್ದಕ್ಕೆ ಮೂರು ಬೀದಿ ಆಚೆ ಇಬ್ಬರು ಕಳ್ಳರು ತಾವಾಗಿಯೇ ಕೈ ಮೇಲೆತ್ತಿ ನಿಂತರು.

ಅಂಥವರ ಮೇಜಿಗೆ ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಪಾಲಿಟೆಕ್ನಿಕ್ಕಿನ ವರ್ಕ್‌ಶಾಪ್ ಉಪನ್ಯಾಸಕರು ದೂರು ತಂದರು. ಬೀರುವಿನ ಬೀಗ ಒಡೆದಿದೆ. ಪರೀಕ್ಷೆಗೆಂದು ಅವರ ಸೋದರಳಿಯ ಅರದಿಂದ ಉಜ್ಜಿ ಮಾಡಿದ ಕಬ್ಬಿಣದ ಜಾಬಿನಲ್ಲಿ ಅರ್ಧ ಕಾಣೆ. ಜಾಬ್ ಎಂದರೆ ಒಂದರೊಳಗೊಂದು ಕೂರುವ ಎರಡು ತುಂಡು. ನಡುವೆ ಬೆಳಕು ನುಸುಳಬಾರದು. ಒಂದೇ ತುಂಡಿದ್ದರೆ ಸೊನ್ನೆ. ಮರುದಿನವೇ ಹೊರಗಿನ ಪರೀಕ್ಷಕರು ಬರುವವರಿದ್ದರು.

"ಇನ್ನರ್ಧ ಯಾಕೆ ಬಿಟ್ಟ ಕಳ್ಳ?" ಇನ್‌ಸ್ಪೆಕ್ಟರ್ ಕೇಳಿದರು.

"ಹೊಟ್ಟೆಕಿಚ್ಚು ಸಾರ್," ಎಂದರು ಉಪನ್ಯಾಸಕರು. " ಕೆಲಸ ಬರದವರು ಮಾಡೋದೇ ಇಷ್ಟು."

ಎಫ್‌ಐಆರ್ ಆಯಿತು. ಹನ್ನೊಂದಕ್ಕೆ ಸ್ಥಳ ಪಂಚನಾಮೆ. ಉಳಿದ ಅರ್ಧ ಜಪ್ತಿಯಾಯಿತು. ಬೀಗದ ಕೊಂಡಿಯನ್ನು ಗರಗಸದಿಂದ ಗೆರೆ ಎಳೆದಂತೆ ಕೊಯ್ದಿದ್ದರು.

"ಕೆಲಸ ಬರದವರ ಕೈ ಅಲ್ಲ ಇದು," ಎಂದರು ಇನ್‌ಸ್ಪೆಕ್ಟರ್.

ದಫೇದಾರರು ಬೀಗವನ್ನು ಕಿವಿಗೆ ಹಿಡಿದರು. ಗಾಳಿಯಲ್ಲಿ ತೇಲುತ್ತಿದ್ದ ಕಬ್ಬಿಣದ ಪುಡಿಯ ವಾಸನೆ ಹಿಡಿದು ನಾಲ್ಕು ಮೈಲಿ ಓಡಿದರು. ಹನ್ನೆರಡೂವರೆಗೆ ಒಬ್ಬ ವಿದ್ಯಾರ್ಥಿನಿಯೂ ಕಳುವಾದ ಅರ್ಧವೂ ಇನ್‌ಸ್ಪೆಕ್ಟರರ ಮುಂದಿದ್ದವು.

"ನೀನೇ ಒಡೆದಿದ್ದಾ?"

"ಹೂಂ ಸಾರ್."

"ಯಾಕಮ್ಮ?"

"ಜಾಬ್ ನಂದು ಸಾರ್. ಮೇಷ್ಟ್ರು ನನ್ನ ರೋಲ್ ನಂಬರ್ ಉಜ್ಜಿ ಹಾಕಿ ತಮ್ಮ ಅಳಿಯನದು ಪಂಚ್ ಹೊಡೆದಿದ್ದಾರೆ. ಹೋದ ವರ್ಷ ನಂದು ಕಳೆದುಹೋಯ್ತು ಅಂದ್ರು, ಫೇಲ್ ಮಾಡಿದ್ರು. ಈ ಸಲಾನೂ ಹೋದ್ರೆ ಅಪ್ಪ ಓದು ಬಿಡಿಸ್ತಾರೆ."

"ಪ್ರಿನ್ಸಿಪಾಲರಿಗೆ ಹೇಳೋದಲ್ವಾ?"

"ಗುರುಗಳನ್ನೇ ಅನುಮಾನಿಸ್ತೀಯಾ ಅಂತ ಬೈದ್ರು."

ಎರಡಕ್ಕೆ ಉಪನ್ಯಾಸಕರು ಮಾಲು ಗುರುತಿಸಿದರು. "ಇದೇ. ನನ್ನ ಕಣ್ಣೆದುರೇ ಶುರುವಿಂದ ಕೊನೇವರೆಗೂ ಮಾಡಿದ. ಹದಿನೇಳು ಅಂತ ಅವನ ನಂಬರ್ ನಾನೇ ಹೊಡೆದೆ." ಪಂಚನಾಮೆಗೆ ಉದ್ದನೆಯ ಸಹಿ ಹಾಕಿದರು.

"ಸಾರ್, ಜೋಡಿಸಿ, ಬಿಡಿಸಿ ನೋಡಿ. ಅದಕ್ಕೇ ಇನ್ನರ್ಧ ಅಲ್ಲೇ ಬಿಟ್ಟಿದ್ದು," ಎಂದಳು ಹುಡುಗಿ.

ಇನ್‌ಸ್ಪೆಕ್ಟರ್ ಜೋಡಿಸಿ ಕಿಟಕಿಗೆ ಹಿಡಿದರು. ಕೂದಲೆಳೆಯಷ್ಟು ಬೆಳಕೂ ಇಲ್ಲ. ಬಿಡಿಸಿದರು. ಬೀರುವಿನಲ್ಲೇ ಉಳಿದಿದ್ದ ತುಂಡಿನ ಒಳಮೈಯಲ್ಲಿ, ಜೋಡಿಸಿದರೆ ಮರೆಯಾಗುವ ಕಡೆ, ಪುಟ್ಟದಾಗಿ ಅವಳ ನಂಬರ್, ಮೂವತ್ತೊಂದು. ಹೋದ ವರ್ಷದ ಪೆಟ್ಟು ಅವಳಿಗೆ ಕಲಿಸಿದ ಪಾಠ ಅದು.

"ಬೀಗ ಒಡೆದಾಗ ಇವಳೇ ಹೊಡೆದಿರ್ತಾಳೆ!"

"ಅಂಕಿ ಮೇಲೇ ಅರದ ಗೆರೆ ಹಾದಿದೆ ಮೇಷ್ಟ್ರೇ. ಜಾಬ್ ಮುಗಿಯೋ ಮೊದಲೇ ಹೊಡೆದಿರೋದು. ನಿಮ್ಮ ಕಣ್ಣೆದುರೇ ಅಲ್ವಾ? ಅಳಿಯನ್ನ ಕರೀರಿ, ಇಲ್ಲೇ ಒಂದು ಉಜ್ಜಲಿ."

"ಅವನಿಗೆ ಜ್ವರ."

ಇನ್‌ಸ್ಪೆಕ್ಟರ್ ಕಾನೂನಿನ ಪುಸ್ತಕವನ್ನು ಎರಡು ಸಲ ತಿರುವಿ, ಮೇಜಿನ ಮೇಲೆ ಕುಕ್ಕಿದರು. ಬೀಗ ಒಡೆದದ್ದಕ್ಕೆ ಕಲಂ ಸಲೀಸಾಗಿ ಸಿಕ್ಕಿತು. ಹುಡುಗಿಯ ಎರಡು ವರ್ಷ ಒಡೆದದ್ದಕ್ಕೆ ಸಿಗಲಿಲ್ಲ. ಫೋನಿನಲ್ಲಿ ಪ್ರಿನ್ಸಿಪಾಲರು "ಪರಿಶೀಲಿಸ್ತೀವಿ" ಎಂದರು. ನಾಲ್ಕೂವರೆಗೆ ಹುಡುಗಿಯ ಬಂಧನ, ಐದಕ್ಕೆ ಠಾಣೆಯಲ್ಲೇ ಜಾಮೀನು. ಪರೀಕ್ಷಕರಿಗೆ ತೋರಿಸಲೆಂದು, ಕೊನೆಯಲ್ಲಿ ಒಳಮೈಯ ಮೂವತ್ತೊಂದನ್ನೂ ಸೇರಿಸಿ ಬರೆಸಿದ ಪಂಚನಾಮೆಯ ಪ್ರತಿಯನ್ನು ಇನ್‌ಸ್ಪೆಕ್ಟರ್ ಅವಳ ಕೈಗಿತ್ತರು. ಉಪನ್ಯಾಸಕರ ಉದ್ದನೆಯ ಸಹಿ ಅದರಲ್ಲಿತ್ತು.

ಠಾಣೆಯ ರೈಟರ್ ನಾನು ಇಷ್ಟು ಬರೆದು ದಫೇದಾರರಿಗೆ ಓದಿ ಹೇಳಿದರೆ, ಹಿಗ್ಗುವ ಬದಲು ಅವರು ಮುಖ ಕಿವಿಚಿದರು. "ರೀ, ಮಂಡಿನೋವಿನವನು ನಾಲ್ಕು ಮೈಲಿ ಓಡೋದಾ? ಇದ್ದಿದ್ದು ಬರೀರಿ."

ಸಿಕ್ಕಿಬಿದ್ದ ಮೇಲೆ ಇನ್ನೇನು? ಇದ್ದದ್ದು ಇಷ್ಟೇ. ಪಂಚನಾಮೆ ಮುಗಿಸಿ ಬಂದಾಗ ಹುಡುಗಿ ಆ ಅರ್ಧವನ್ನು ಮಡಿಲಲ್ಲಿಟ್ಟುಕೊಂಡು ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಸೋಮವಾರ ಸಂಜೆಯೂ ಅದೇ ಬೆಂಚಿನ ಮೇಲೆ ಕೂತಿದ್ದಳು, ದೂರು ಕೊಡಲು. "ಮೇಷ್ಟ್ರ ಮೇಲೆ ಕಂಪ್ಲೇಂಟಾ? ಹೋಗಮ್ಮ, ಓದ್ಕೋ ಹೋಗು," ಎಂದು ಎಬ್ಬಿಸಿ ಕಳಿಸಿದವರು ದಫೇದಾರರೇ. ಬೀಗ ಒಡೆದದ್ದು ಆಮೇಲೆ.