ವರ್ಜಿಲ್‌ನ ಜೀನು

ಅರಿಜೋನಾದ ನಮ್ಮೂರ ವಸ್ತುಸಂಗ್ರಹಾಲಯದಲ್ಲಿ ನನ್ನ ಗಂಡ ವರ್ಜಿಲ್‌ನ ಕುದುರೆ ಜೀನು ಗಾಜಿನ ಪೆಟ್ಟಿಗೆಯೊಳಗಿದೆ. ಕೊಟ್ಟವಳು ನಾನೇ. ದನ ಹುಡುಕಲು ಹೋದವನು ಒಣ ಹಳ್ಳಕ್ಕೆ ದಿಢೀರನೆ ಬಂದ ನೆರೆಯಲ್ಲಿ ಕಾಣೆಯಾದ. ಜೀನು ಹೊತ್ತ ಕುದುರೆಯಷ್ಟೇ ನೆನೆದು ಮನೆಗೆ ಬಂತು. ಹೊರಡುವಾಗ, "ಸಂಜೆ ಬಂದು ರಿಕಾಪು ನಿನ್ನ ಕಾಲಿಗೆ ಗಿಡ್ಡ ಮಾಡ್ತೀನಿ ಕಣೇ. ನೀನು ಹತ್ತಿ ಕೂತ್ಕೋ, ನಾನು ಲಗಾಮು ಹಿಡ್ಕೊಂಡು ಪಕ್ಕದಲ್ಲೇ ನಡೀತೀನಿ" ಅಂದಿದ್ದ.

ನಮ್ಮಲ್ಲಿ ದನಗಾಹಿ ಕಾಲಿಡುವ ರಿಕಾಪಿನ ಪಟ್ಟಿಯ ಉದ್ದವನ್ನು ಬೇರೆಯವರು ಬದಲಿಸುವುದಿಲ್ಲ. ಹಾಗಾಗಿ ಜೀನು ಕೊಟ್ಟಾಗಲೂ ಅದು ಅವನ ಕಾಲಳತೆಗೇ ಇತ್ತು.

ಕಳೆದ ಆಗಸ್ಟಿನ ಉರಿಬಿಸಿಲ ಮಧ್ಯಾಹ್ನ ಹೋದಾಗ ಅಲ್ಲಿನ ಮೇಲ್ವಿಚಾರಕಿ, ನನ್ನ ಹಳೆಯ ಗೆಳತಿ ಡೆಲ್ಫಿನಾ ನಕ್ಕಳು.

"ಏನೇ ನೆಟ್ಟಾ, ಮತ್ತೆ ಗಂಡನ್ನ ಮಾತಾಡ್ಸೋಕೆ ಬಂದ್ಯಾ?"

"ನಿನ್ ಗಂಡನಿಗಿಂತ ಇವನೇ ಚೆನ್ನಾಗಿ ಕೇಳಿಸ್ಕೋತಾನೆ, ಸುಮ್ನಿರೇ."

ಪೆಟ್ಟಿಗೆಯ ಹತ್ತಿರ ತಂಪಾಗಿತ್ತು. ಗಾಜು ಒಳಗಿನಿಂದ ಮಂಜುಗಟ್ಟಿತ್ತು. ನೆನೆದ ಕುದುರೆಯ ವಾಸನೆ ಮೂಗಿಗೆ ಬಡಿಯಿತು. ಯಾರೋ ಹತ್ತಿ ಕೂತಂತೆ ಜೀನಿನ ಚರ್ಮ ಒಮ್ಮೆ ಕಿರುಗುಟ್ಟಿತು.

ಮಂಜಿನ ಆಚೆ ರಿಕಾಪು ಮೊದಲಿಗಿಂತ ಮೇಲೆ ತೂಗುತ್ತಿತ್ತು. "ನೀನ್ಯಾಕೆ ರಿಕಾಪು ಮುಟ್ಟಿದೆ?" ಅಂದೆ.

ಡೆಲ್ಫಿನಾಳ ನಗು ಆರಿತು. "ನಾನಾ? ಕೊಟ್ಟ ದಿನ ಹಾಕಿದ ಬೀಗ ಇವತ್ತಿಗೂ ತೆಗೆದಿಲ್ಲ ಕಣೇ."

ಅವಳೇ ಬೀಗ ತೆಗೆದಳು. ಎರಡೂ ಪಟ್ಟಿಗಳು ಗಿಡ್ಡವಾಗಿದ್ದವು. ಎಡಗಾಲೆತ್ತಿ ರಿಕಾಪಿನಲ್ಲಿಟ್ಟೆ, ಪಾದ ಸರಿಯಾಗಿ ಕೂತಿತು. ನನ್ನ ಕಾಲಿನ ಅಳತೆ ಗೊತ್ತಿದ್ದದ್ದು ಅವನೊಬ್ಬನಿಗೆ.

ಲಗಾಮು ಹಿಡಿದವನು ನಿಲ್ಲುವ ಎಡಬದಿಯಲ್ಲಿ, ಪೆಟ್ಟಿಗೆಯ ತಳದಲ್ಲಿ, ಹಿಡಿಯಷ್ಟು ಒದ್ದೆ ಮರಳು ಬಿದ್ದಿತ್ತು.